ಆರೇ ಜನಕ್ಕೆ ಜಾಗ

ಗುದೈಬಿಯಾದ ಆ ಕೋಣೆಯಲ್ಲಿ ನಾವು ಏಳು ಜನ.
ಆಟದೊಳಗೆ ಆರೇ ಜನಕ್ಕೆ ಜಾಗ.

ಕಂಪ್ಯೂಟರು ನನ್ನದಲ್ಲ. ಮೀನಾ ಸಲ್ಮಾನಿನ ಹತ್ತಿರ
ಹಡಗುಗಳಿಗೆ ಹಗ್ಗ, ಬಣ್ಣ, ಈರುಳ್ಳಿ ಒದಗಿಸುವ ಅಂಗಡಿಯಲ್ಲಿ
ಲೆಕ್ಕ ಬರೆಯುತ್ತಿದ್ದ ನನಗೆ
'ಹಳತು, ಒಯ್ದುಕೋ' ಎಂದು ಅರ್ಬಾಬ್ ಕೊಟ್ಟದ್ದು.
ಟ್ಯಾಕ್ಸಿಯ ಹಿಂದಿನ ಸೀಟಿನಲ್ಲಿ, ಇಬ್ಬರು ಅಪ್ಪಿ ಹಿಡಿದು,
ಬಾಣಂತಿಯನ್ನು ಕರೆತರುವ ಹಾಗೆ ತಂದೆವು.

ಒಳಗೊಂದು ಆಟ ಉಳಿದಿತ್ತು, ಯಾರ ಮಗನದ್ದೋ.
ಹದಿನಾರೇ ಬಣ್ಣದ ಕಾಡು, ಮುಗಿಯದ ನೆಲಮಾಳಿಗೆ,
ಅದದೇ ಮಾತನ್ನು ಹೊಸದಾಗಿ ಆಡುವ ಕಮ್ಮಾರ.
ಮಳೆಯೂ ಬರುತ್ತಿತ್ತು ಅದರೊಳಗೆ, ಓರೆ ಗೆರೆಗಳಲ್ಲಿ.
ಹೊರಗೆ ಆಗಸ್ಟ್. ಎಸಿ ಕೆಮ್ಮುತ್ತಿತ್ತು.

ಶುರುವಾಗುವ ಮೊದಲೇ ತಡೆ:
ಕೈಪಿಡಿಯ ಇಂತಿಷ್ಟನೇ ಪುಟ, ಇಂತಿಷ್ಟನೇ ಸಾಲು,
ಮೊದಲ ಪದ ಯಾವುದು?
ಕೈಪಿಡಿ ಯಾವ ಪುಣ್ಯಾತ್ಮನ ಬಳಿ ಇತ್ತೋ!
ಶೇಖಬ್ಬ ಊಹಿಸುತ್ತಿದ್ದ. ಸೀ. ಸ್ವೋರ್ಡ್. ಲ್ಯಾಂಪ್.
ತಪ್ಪಿದರೆ ಹೊರಕ್ಕೆ, ಮತ್ತೆ ಮೊದಲಿಂದ.
'ಥೇಟ್ ವೀಸಾ ಕಚೇರಿಯ ಕಿಟಕಿ' ಎನ್ನುತ್ತಿದ್ದ ಲೋಬೊ.
ಸರಿಹೊಂದಿದ ರಾತ್ರಿ, ಕ್ಯಾಲೆಂಡರಿನ ಪಕ್ಕ, ಗೋಡೆಗೆ ಪೆನ್ಸಿಲಿನಲ್ಲಿ:
ಪುಟ ಹನ್ನೊಂದು, ಸಾಲು ನಾಲ್ಕು,
ಎಸ್ ಎ ಎಲ್ ಟಿ, ಉಪ್ಪು.
ಒಂಬತ್ತು ತಿಂಗಳಿಗೆ ಹದಿನೇಳು ಪದ ಸಂಪಾದನೆ.

ಶೇಖಬ್ಬನಿಗೆ ಗದೆ, ಪರೋಟ ಬಡಿದು ಹದವಾದ ಕೈ.
ಎಸಿ ರಿಪೇರಿಯ ಲೋಬೊ ಅಲ್ಲಿ ಪಾದ್ರಿ,
ಮುಟ್ಟಿದರೆ ಗಾಯ ಮಾಯುತ್ತಿತ್ತು.
ಮೋಂಟು ಪೂಜಾರಿ ಕಳ್ಳನಾಗಲಾರೆನೆಂದು ಎರಡು ದಿನ ಮುನಿಸಿಕೊಂಡ,
ಬೀಗ ತೆರೆಯಲು ನೀನಲ್ಲದೆ ಯಾರು ಎಂದಾಗ ಉಬ್ಬಿದ.
ನಾನು ಮಂತ್ರವಾದಿ. ಒಂದೇ ಏಟಿಗೆ ಸಾಯುವವನು.
ಇನ್ನಿಬ್ಬರ ಹೆಸರು ಬೇಡ,
ಅವರಲ್ಲೊಬ್ಬ ನನಗೆ ಇನ್ನೂ ನಲವತ್ತು ದಿನಾರ್ ಕೊಡಬೇಕು.

ಏಳನೆಯವನು ವಿಠಲ ಮೊಗೇರ.
ಅಲ್ಯೂಮಿನಿಯಂ ಕಾರ್ಖಾನೆಯಲ್ಲಿ ಅವನಿಗೆ ಯಾವಾಗಲೂ ರಾತ್ರಿಪಾಳಿ.
ನಾವು ಮಲಗುವ ಹೊತ್ತಿಗೆ ಬಂದು
ಬೂಟು ಬಿಚ್ಚುತ್ತ ಕೇಳುವನು:
'ನಿನ್ನೆ ಎಲ್ಲಿವರೆಗೆ ಹೋದಿರಿ?'
ಚೌಕಳಿ ಹಾಳೆಯ ನಕ್ಷೆ ಬಿಡಿಸಿ ತೋರಿಸುತ್ತಿದ್ದೆ.
ಸುಟ್ಟ ಬೆರಳನ್ನು ಗೆರೆಯ ಮೇಲೆ ನಡೆಸುತ್ತ
'ಈ ಹೊಳೆ ದಾಟಲಿಲ್ಲವಾ? ಅಳಿವೆ ಎಲ್ಲಿ ಇದರದ್ದು?'
ದೋಣಿಯವರ ಮಗ, ಅವನಿಗೆ ಹೊಳೆಯದೇ ಚಿಂತೆ.

'ಯಾರಾದರೂ ಸತ್ತರೆ ನನ್ನನ್ನು ಸೇರಿಸಿ' ಅಂದಿದ್ದ.
ಸೇರಿಸುತ್ತೇವೆ ಅಂದೆವು.
ಸತ್ತೆವು ಕೂಡ, ಎಷ್ಟು ಸಲವೋ,
ಜೇಡನಿಂದ, ವಿಷದಿಂದ, ಬರಿಯ ಪೆದ್ದುತನದಿಂದ.
ಪ್ರತಿ ಸಲವೂ ಹಿಂದಿನ ಉಳಿಕೆಗೆ ಮರಳಿ
ಸತ್ತವನನ್ನು ಎಬ್ಬಿಸಿಕೊಂಡು ಮುಂದೆ ನಡೆದೆವು.
ಕೋಣೆಯಲ್ಲಿ ಯಾರೂ ಸಾಯಲಿಲ್ಲ ಎಂದು ಎಷ್ಟು ಖುಷಿ ನಮಗೆ.

ಆಮೇಲೆ ವಿಠಲನ ವೀಸಾ ರದ್ದಾಯಿತು.
ನೈಲಾನ್ ಹಗ್ಗ ಬಿಗಿದ ಒಂದು ರಟ್ಟಿನ ಪೆಟ್ಟಿಗೆ, ಒಂದು ಗುರುವಾರ.
ಅವನು ಹೋದ ಮೇಲೆ ನಕ್ಷೆಯ ಒಂದು ಹಾಳೆ ಕಾಣಲಿಲ್ಲ.
ಹೊಳೆ ಇದ್ದ ಹಾಳೆ.
ಯಾರೂ ಹುಡುಕಲಿಲ್ಲ.

ಮೊನ್ನೆ ಈಸಾ ಟೌನಿನಲ್ಲಿ, ಲೋಬೊನ ಮಗಳು ಅನಿಶಾ
ಅದೇ ಆಟವನ್ನು ಎಲ್ಲಿಂದಲೋ ಇಳಿಸಿ
ಎರಡು ನಿಮಿಷದಲ್ಲಿ ಎದುರಿಗಿಟ್ಟಳು.
ಯಾವ ಪುಟವನ್ನೂ ಅದು ಕೇಳಲಿಲ್ಲ.
'ಯಾರೋ ಬೀಗ ಮುರಿದಿಟ್ಟಿದ್ದಾರೆ ಅಂಕಲ್' ಅಂದಳು.
ನಾಲಿಗೆ ತುದಿಯಲ್ಲಿ ಉಪ್ಪು ಹಾಗೇ ಉಳಿಯಿತು.

ಆರು ಹೆಸರು ತುಂಬಿದೆ, ಹಳೆಯ ಕ್ರಮದಲ್ಲೇ.
ಏಳನೆಯದನ್ನೂ ಒತ್ತಿದೆ.
ಛತ್ರದವನು ಅಡ್ಡ ಬಂದ: ತಂಡ ತುಂಬಿದೆ,
ಯಾರನ್ನು ಇಲ್ಲಿ ಬಿಟ್ಟುಹೋಗುತ್ತೀರಿ?
ಮಿಣುಕು ಗುರುತು ಶೇಖಬ್ಬನ ಮೇಲೆ ನಿಂತಿತ್ತು.
ಅವನು ಮುಹರಕ್ಕಿನ ಮಣ್ಣಿಗೆ ಸೇರಿ ಆರು ವರ್ಷ.
ಕೆಳಗಿಳಿಸಿದೆ. ಲೋಬೊ. ಅಡುಗೆಮನೆಯಲ್ಲಿ ಕೆಮ್ಮುತ್ತಿದ್ದ.
ಮತ್ತೆ ಕೆಳಕ್ಕೆ. ಮತ್ತೆ ಮೇಲಕ್ಕೆ.

'ಆ ಏಳನೆಯವರನ್ನೇ ಅಳಿಸಿಬಿಡಿ ಅಂಕಲ್, ಸುಲಭ'
ಎನ್ನುತ್ತ ಅನಿಶಾ ಕೈಚಾಚಿದಳು.
ತಡಿ ಮಗಾ, ಅಂದೆ.
ಹೊಳೆ ಎಲ್ಲಿತ್ತು ಅನ್ನುವುದು
ಅವನೊಬ್ಬನಿಗೇ ಗೊತ್ತು.