ನಿಂದ್ರ

ಕಾತ್ರಜದಲ್ಲಿ ಬಸ್ಸಿಳಿದಾಗ ಹನ್ನೊಂದರ ಬಿಸಿಲು.
ಟಿಕೆಟ್ಟಿನ ಸಾಲಿನಲ್ಲಿ ಮಗಳು ಕೇಳಿದಳು, ಮರಾಠಿಯಲ್ಲೇ:
ಪಂಜರ ಇಲ್ಲದಿದ್ದರೆ ಅವು ಮನೆಗೆ ಯಾಕೆ ಹೋಗೋದಿಲ್ಲ?
ನಾನು ಚೀಲದಲ್ಲಿ ನೀರಿನ ಬಾಟಲಿ ಹುಡುಕತೊಡಗಿದೆ.

ಒಳಗೆಲ್ಲ ಕಾಡಿನ ಹಾಗೇ.
ಬಿದಿರು, ಕೊಳ, ಸಿಮೆಂಟಿನಲ್ಲಿ ಮಾಡಿ
ಪಾಚಿಯ ಬಣ್ಣ ಬಳಿದ ಬಂಡೆ.
ಸರಳಿಲ್ಲ. ಸರಳಿರಬೇಕಾದ ಕಡೆ ಕಂದಕ,
ದಾಸವಾಳ ನೆಟ್ಟು ಅದನ್ನೂ ಕಾಣದಂತೆ ಮಾಡಿದ್ದಾರೆ.
ಹುಲಿ ಕಾಣಲಿಲ್ಲ.
ಇದೆ, ಇದೆ, ಅಗೋ ಬಾಲ, ಎಂದರು ಯಾರೋ.
ಬಾಲ ಕಂಡವರ ಹಾಗೆ ತಲೆಯಾಡಿಸಿ ಮುಂದೆ ನಡೆದೆವು.

ಕರಡಿಯ ಕಡೆ ತಿರುಗುವಲ್ಲಿ ಓವಿ ಓಡಿದಳು.
ಕಟ್ಟೆ ಗಿಡ್ಡ. ಅವಳೋ ಫ್ರಿಜ್ಜನ್ನೂ ಬಿಡದೆ ಹತ್ತುವವಳು.
ಹೆದರಿದಾಗ ನನ್ನ ಬಾಯಲ್ಲಿ ಪುಣೆ ಇರುವುದಿಲ್ಲ,
ಇಂಡಿ ತಾಲೂಕು ಇರುತ್ತದೆ:
ಏ, ನಿಂದ್ರ! ನಿಂದ್ರ ಅಲ್ಲೇ!

ಓವಿ ನಿಲ್ಲಲಿಲ್ಲ.
ಕಂದಕದಾಚೆ, ಹೊಂಗೆಯ ನೆರಳಲ್ಲಿ
ಒಗೆದು ಹಾಕಿ ಮರೆತ ಕಂಬಳಿಯಂತೆ ಬಿದ್ದಿದ್ದ ಮುದಿ ಕರಡಿ
ಎದ್ದು
ಎರಡೇ ಕಾಲ ಮೇಲೆ ನಿಂತಿತು.

ಜನ ಸಿಳ್ಳೆ ಹೊಡೆದರು. ಮೊಬೈಲುಗಳು ಮೇಲೆದ್ದವು.
ಅದು ಯಾರನ್ನೂ ನೋಡಲಿಲ್ಲ.
ಮುಂಗಾಲು ಎದೆಗೆ ಮಡಚಿ
ಒಂದು ಕಾಲು, ಇನ್ನೊಂದು ಕಾಲು,
ನೆಲ ಸುಡುತ್ತಿರುವಂತೆ ಎತ್ತೆತ್ತಿ ಇಡುತ್ತ
ದನಿ ಬಂದ ಕಡೆ ಮೂಗು ಚಾಚಿ ಕಾಯಿತು.
ಆ ಮೂಗಿನ ಮೇಲೆ ಹಗ್ಗ ಹಾಯುತ್ತಿದ್ದ ತೂತು
ಕೂಡಿಕೊಂಡಿದೆ. ಬೆಳ್ಳಗೆ ಒಂದು ಗಂಟು.

ಹದಿನಾಲ್ಕು ವರ್ಷ ಆಯಿತು ಬಿಡಿಸಿ ತಂದು, ಎಂದ
ಕಾವಲಿನ ಸಾಳುಂಕೆ. ನಮ್ಮ ಯಾರ ಮಾತಿಗೂ
ಹೀಗೆ ಎದ್ದದ್ದಿಲ್ಲ. ಏನಂದಿರಿ ನೀವು?
ಇನ್ನೊಮ್ಮೆ ಅನ್ನಿ, ಇನ್ನೊಮ್ಮೆ, ಎಂದರು ಜನ.

ಕುಂದ್ರ ಅನ್ನಬಹುದಿತ್ತು.
ಕೂತೂ ಬಿಡುತ್ತಿತ್ತೇನೋ.
ಆದರೆ ಅದೂ ಅದೇ ಹಗ್ಗದ ಇನ್ನೊಂದು ತುದಿ.
ಅವನು, ಯಾವೂರವನೋ, ನಮ್ಮ ಕಡೆಯವನೇ,
ಸಂಜೆ ಡೋಲು ಕೆಳಗಿಟ್ಟು
ಯಾವ ಮಾತಲ್ಲಿ ಅದಕ್ಕೆ ಸಾಕು ಎನ್ನುತ್ತಿದ್ದ?
ಎನ್ನುತ್ತಿದ್ದನೇ?

ನಾನು ತುಟಿ ಕಚ್ಚಿ ನಿಂತೆ. ಅದೂ ನಿಂತಿತ್ತು.
ಓವಿಯ ರಟ್ಟೆ ಹಿಡಿದು, ಸದ್ದು ಮಾಡದೆ,
ಹಾವಿನ ಮನೆಯ ಕಡೆಗೆ ಎಳೆದುಕೊಂಡು ಹೋದೆ.
ತಿರುಗಿ ನೋಡಲಿಲ್ಲ.

ಸ್ವಾರಗೇಟಿನ ಬಸ್ಸಿನಲ್ಲಿ ಅವಳಿಗೆ ಕಿಟಕಿ ಸಿಕ್ಕಿತು.
ಹೊಸ ಮಾತು ಕೈಗೆ ಬಂದ ಖುಷಿಯಲ್ಲಿ
ರಿಕ್ಷಾಗಳಿಗೆ, ನಾಯಿಗೆ, ಕಬ್ಬಿನ ಹಾಲಿನ ಗಾಲಿಗೆ,
ಧನಕವಡಿಯ ಸಿಗ್ನಲ್ಲಿಗೆ ಕೂಗುತ್ತಲೇ ಬಂದಳು:
ನಿಂದ್ರ! ನಿಂದ್ರ!
ಒಂದೂ ನಿಲ್ಲಲಿಲ್ಲ.