ಪಿಳ್ಳಮ್ಮ ಮೇಡಂ ಬೆನ್ನು ತಿರುಗಿಸಿ ನಿಂತಾಗ

ಪಿಳ್ಳೆ ಅಂದರೆ ಪುಟ್ಟ ಕೂಸು.
ಪಿಳ್ಳಮ್ಮನ ಎತ್ತರ ಐದು ಅಡಿ ಹನ್ನೊಂದು ಅಂಗುಲ.
ಹಾಜರಿ ಕೂಗಿದಾಗ ಹಿಂದಿನ ಬೆಂಚು ಕಿಸಕ್ಕೆಂದರೆ
ನಗಲಿ ಬಿಡಿ ಸಾರ್, ಅನ್ನುತ್ತಿದ್ದಳಂತೆ,
ನಗೋರೆಲ್ಲ ನನ್ನ ಭುಜದ ಕೆಳಗೇ ನಗಬೇಕು.

ಇದು ಶಿಡ್ಲಘಟ್ಟ.
ಬೆಳಕು ಹರಿಯುವ ಮುಂಚೆ ಗೂಡು ಬೇಯುವ ವಾಸನೆ ಏಳುತ್ತದೆ,
ಆಮೇಲೆ ಬಾಂಗು, ಆಮೇಲೆ ಸುಪ್ರಭಾತ,
ಆಮೇಲೆ, ಇಪ್ಪತ್ತೆರಡು ವರ್ಷಗಳಿಂದ,
ಹೆಣ್ಣುಮಕ್ಕಳ ಹೈಸ್ಕೂಲಿನ ಹಿಂದೆ
ಚೆಂಡು ನೆಲ ಬಡಿಯುವ ಸದ್ದು.

ಅವಳವ್ವ ಬಿಸಿನೀರಿನ ಬಾಣಲೆ ಮುಂದೆ ಕೂತು ನೂಲು ಬಿಚ್ಚಿದವಳು.
ಬೆಂದ ಬೆರಳು, ಗೆರೆ ಅಳಿಸಿದ ಬೆರಳು,
ಈಗ ರೇಷನ್ ಅಂಗಡಿಯ ಯಂತ್ರ ಗುರುತೇ ಹಿಡಿಯದ ಬೆರಳು.
ಆದರೂ ಗೂಡಿನ ಮೈಮೇಲೆ ಕಣ್ಣಿಗೆ ಕಾಣದ ಎಳೆಯ ತುದಿಯನ್ನು
ಒಮ್ಮೆ ಸವರಿ ಹಿಡಿಯುತ್ತಿದ್ದಳು.
ಮಗಳು ಚೆಂಡು ಹಿಡಿದದ್ದೂ ಹಾಗೇ,
ಅಂಗೈ ತಾಗಿಸದೆ.

ಮೊದಲ ರಿಂಗು ಮುರಿದ ಚರಕದ್ದು.
ಬೆಸುಗೆ ಅಂಗಡಿಯ ದಾದಾಪೀರ್ ಬಗ್ಗಿಸಿ
ಹಳೇ ಲೈಟುಕಂಬಕ್ಕೆ ಬಿಗಿದು ಕೊಟ್ಟದ್ದು.
ಅಳತೆಗೆ ಮೂರು ಬೆರಳು ಕಡಿಮೆ; ಯಾರಿಗೂ ಗೊತ್ತಿರಲಿಲ್ಲ.
ಕಿರಿದಾದ ಬಾಯಿಗೆ ಹಾಕಿ ಹಾಕಿ ಕಲಿತವಳಿಗೆ
ಮೈಸೂರಿನ ರಿಂಗು ಬಾವಿಯಂತೆ ಕಂಡಿತಂತೆ.

ನಾಲ್ಕು ವರ್ಷ ರಾಜ್ಯದ ತಂಡ.
ಪೇಪರಿನಲ್ಲಿ ಫೋಟೋ ಒಂದು ಸಲ, ಹೆಸರು ತಪ್ಪಾಗಿ.
ಆಮೇಲೆ ಯಾವುದೋ ಊರಿನ ಸಿಮೆಂಟು ಕೋರ್ಟಿನಲ್ಲಿ
ಮೊಣಕಾಲು ಟಪ್ಪೆಂದಿತು.
ಪಟ್ಟಿ ಸುತ್ತಿಕೊಂಡು ಬಸ್ಸಿಳಿದಳು.
ಹಂಗಾಮಿ ದೈಹಿಕ ಶಿಕ್ಷಕಿ, ತಿಂಗಳಿಗೆ ಸಾವಿರದೆಂಟುನೂರು.

ನಾನು ಆಡಿದವಳಲ್ಲ, ಲೆಕ್ಕ ಬರೆದವಳು.
ಎಂಟನೇ ಕ್ಲಾಸಿನಲ್ಲಿ ಕೈಗೊಂದು ನೋಟ್‌ಬುಕ್ಕು ಕೊಟ್ಟು ಅಂದಿದ್ದಳು:
ಹಾಕಿದ್ದನ್ನ ಊರೇ ಬರೀತದೆ ಕಣಮ್ಮಿ,
ನೀನು ತಪ್ಪಿದ್ದನ್ನ ಬರಿ.
ಯಾರು, ಯಾವ ಕಾಲು ಮುಂದೆ, ರಿಂಗಿನ ಯಾವ ಮಗ್ಗುಲಿಗೆ ಬಡೀತು.
ಹಾಗೇ ಹದಿನೇಳು ನೋಟ್‌ಬುಕ್ಕು ತುಂಬಿದವು,
ಈಗ ಗೂಡಿನ ಮಾರ್ಕೆಟ್ಟಿನಲ್ಲಿ ತೂಕದ ಚೀಟಿ ಬರೆಯುವವಳಾದರೂ
ಶನಿವಾರ ನನ್ನ ಜಾಗ ಆ ಕಲ್ಲುಬೆಂಚೇ.

ಅಭ್ಯಾಸದ ಹೊತ್ತಿಗೆ ಅವಳು ಬೆನ್ನು ತಿರುಗಿಸಿ ನಿಲ್ಲುತ್ತಾಳೆ,
ಕಾಂಪೌಂಡಿನ ಮೇಲಿನ ಗಾಜಿನ ಚೂರು ಎಣಿಸುವವಳ ಹಾಗೆ.
ಫೌಜಿಯಾ, ರಾತ್ರಿ ನಿದ್ದೆಗೆಟ್ಟಿದ್ದೀಯ.
ಗಂಗರತ್ನ, ಯಾರ ಮೇಲಮ್ಮಿ ಸಿಟ್ಟು? ನೆಲ ಏನು ಮಾಡ್ತು?
ಆ ಮೂರನೇ ಚೆಂಡು ಯಾರದು? ಹೊಟ್ಟೆಗೇನೂ ಬಿದ್ದಿಲ್ಲ ಅದಕ್ಕೆ,
ಕೊಡ್ರೇ ಎರಡು ಬನ್ನು.

ಜಿಲ್ಲೆಯ ಕಪ್ಪು ಹನ್ನೊಂದು, ವಿಭಾಗದ್ದು ನಾಲ್ಕು.
ಎಲ್ಲ ಹೆಡ್ಮಾಸ್ಟರ ಬೀರುವಿನಲ್ಲಿ;
ಬೀಗದ ಕೈ ಕಳೆದು ಐದು ವರ್ಷ.
ಗಾಜಿಗೆ ಮೂಗೊತ್ತಿ ನೋಡುತ್ತಾರೆ ಹೊಸ ಹುಡುಗಿಯರು.
ಒಳಗೆ ಸೇರದೆ ಹೊರಗುಳಿದದ್ದು ಒಂದೇ, ಎಲ್ಲಕ್ಕಿಂತ ದೊಡ್ಡದು,
ಅದರಲ್ಲಿ ಈಗ ಜವಾನ ಚಲುವಯ್ಯ
ರಬ್ಬರ್ ಸ್ಟಾಂಪುಗಳನ್ನಿಡುತ್ತಾನೆ.

ಅದು ಬಂದ ದಿನ ಹೇಳಿಬಿಡುತ್ತೇನೆ.
ರಾಜ್ಯದ ಫೈನಲ್ಲು. ಸಮ ಸಮ. ಎರಡು ಸೆಕೆಂಡು.
ಗೆರೆಯ ಮೇಲೆ ಫೌಜಿಯಾ, ಅವಳಿಗೆ ಎರಡು ಚೆಂಡು.
ಇಡೀ ಮೈದಾನ ಉಸಿರು ಹಿಡಿದಿತ್ತು,
ಮೇಡಂ ಬೆನ್ನು ತಿರುಗಿಸಿದಳು.
ಎದುರಾಳಿಗಳು ನಕ್ಕರು. ಶಾಸ್ತ್ರ ಅಂದುಕೊಂಡರು.
ನನಗೆ ಕಂಡದ್ದು ಅವಳ ಬಲಗೈ:
ಹೆಬ್ಬೆರಳು ತೋರುಬೆರಳ ತುದಿಯನ್ನು ಸವರುತ್ತಿತ್ತು,
ನೀರಿನೊಳಗೆ ಏನನ್ನೋ ಹುಡುಕುವಂತೆ.

ನನ್ನದು ತಪ್ಪಿದ್ದನ್ನು ಮಾತ್ರ ಬರೆಯುವ ಪುಸ್ತಕ.
ಆ ಪುಟದ ಕೊನೆಗೆ ಫೌಜಿಯಾಳ ಹೆಸರಿನೆದುರು
ಗೀಟು ಒಂದೇ.

ಮಾರನೇ ದಿನ ಮಾರ್ಕೆಟ್ಟಿಗೆ ಹೊರಟವಳು
ಸ್ಕೂಲಿನ ಗೋಡೆಯಾಚೆ ನಿಂತುಬಿಟ್ಟೆ.
ರಜೆ. ಹುಡುಗಿಯರಿಲ್ಲ. ಒಂದೇ ಚೆಂಡು.
ಇಣುಕಬೇಕೆನ್ನಿಸಿತು, ಇಣುಕಲಿಲ್ಲ,
ಗೋಡೆಗೆ ಬೆನ್ನು ಕೊಟ್ಟು ಕೇಳಿದೆ.

ಎಡಗಾಲಿನ ಮೇಲೆ ಭಾರ ಬಿಡುತ್ತಿಲ್ಲ ಅವಳು,
ಇವತ್ತೂ ನೋಯುತ್ತಿದೆ.