ಸೊನ್ನೆಯ ಮೊಳೆ

ಬೆಟಗೇರಿಯ ಅಚ್ಚುಕೂಟ, ಟ್ರೆಡಲ್ ನಿಂತ ಮಧ್ಯಾಹ್ನ.
ಅಸೂಟಿ ಸರ್ ತಂದುಕೊಟ್ಟರು
ಬಿ.ಎ. ಇತಿಹಾಸದ ಗೈಡಿಗೆ ಒಂದು ನಕಾಶೆ:
ಕ್ರೊಯೇಷಿಯಾ, ನಲವತ್ತೊಂದನೇ ಇಸವಿ, ಸರಕಾರದ ರಚನೆ.
ತಲೆಬರಹಕ್ಕೆ ದಪ್ಪ ಮೊಳೆ: ಸ್ವತಂತ್ರ ರಾಜ್ಯ.

ಎಲ್ಲಕ್ಕೂ ಮೇಲಿನ ಚೌಕ ಅರಸನದು.
ಇಟಲಿಯವನಂತೆ. ಕಿರೀಟಕ್ಕೆ ಹೂಂ ಅಂದವನು
ಆ ನೆಲಕ್ಕೆ ಕಾಲಿಡಲೇ ಇಲ್ಲವಂತೆ.
"ಹಂಗಾರ ಖಾಲಿ ಬಿಡ್ಲೇನ್ರಿ ಸರ್?"
"ಹಾಕು ರಾಜೇಸಾಬ. ಮನಷ್ಯಾ ಬರದಿದ್ರೂ ಹೆಸರು ಬಂದಿತ್ತು."

ಅದರ ಕೆಳಗೆ ನಾಯಕ. ಕಾಯಿದೆ ಅವನ ಬಾಯಿ,
ಮಂತ್ರಿಗಳು ಅವನ ಬೆರಳು.
ಹಿತ್ತಾಳೆ ರೂಲು ಕತ್ತರಿಸಿ ಗೆರೆ ಕೂಡಿಸಿದೆ,
ಎಲ್ಲವೂ ಅವನಿಂದ ಇಳಿದವು, ಒಂದೂ ಏರಲಿಲ್ಲ.
ಪಕ್ಕಕ್ಕೆ ಚುಕ್ಕಿಗೆರೆಯಲ್ಲಿ ಜರ್ಮನಿ, ಇಟಲಿ:
ನಕಾಶೆಯ ಹೊರಗೆ ಕೂತು
ನಕಾಶೆ ಹಿಡಿದವರು.

ಅಡಿಟಿಪ್ಪಣಿ, ತೀರ ಸಣ್ಣ ಮೊಳೆಯಲ್ಲಿ:
ನದಿದಂಡೆಯ ಸೆರೆಬಿಡಾರ. ಸರ್ಬರು, ಯಹೂದಿಗಳು, ರೋಮಾ ಜನ.
ಸತ್ತವರ ಲೆಕ್ಕವನ್ನು ಸರ್
ಮೂರು ಪ್ರೂಫಿನಲ್ಲಿ ಮೂರು ಸಲ ತಿದ್ದಿದರು.
ಅಂಕಿಯ ಕೇಸಿನಲ್ಲಿ ಸೊನ್ನೆ ತೀರಿದವು.
ಅನುಸ್ವಾರದ ಮನೆಗೆ ಕೈಹಾಕಿ
ಅದೇ ದುಂಡಗಿನದನ್ನು ಎತ್ತಿಕೊಂಡೆ.
ಯಾರೂ ಕಂಡುಹಿಡಿಯಲಿಲ್ಲ.

ಅಚ್ಚಾದ ಮರುದಿನ ಕಟ್ಟು ಬಿಚ್ಚಿ
ಸೀಮೆಎಣ್ಣೆಯಲ್ಲಿ ತೊಳೆದೆ.
ಅರಸ, ನಾಯಕ, ಮಂತ್ರಿ, ಕಾಯಿದೆ,
ಅಕ್ಷರಕ್ಕೊಂದು ಮನೆ, ಹಂಚಿಬಿಟ್ಟೆ
ಇಡೀ ಸರಕಾರವನ್ನು ಚಹಾ ಬರುವುದರೊಳಗೆ.

ಸಂಜೆಗೆ ನರಸಾಪುರದ ನೇಕಾರರ ಲಗ್ನಪತ್ರಿಕೆ.
ಅರಿಸಿನ ಬಣ್ಣದ ಕಾಗದ, ಮುಂಗಡ ಹತ್ತು ರೂಪಾಯಿ.
ಮಂಗಲದ ಮ ಸ್ಟಿಕ್ಕಿನಲ್ಲಿ ಕೂತಿತು.
ಅದರ ಸೊನ್ನೆಗೆ ಹೋದ ಕೈ
ತುಸು ಹೊತ್ತು ಅಲ್ಲೇ ನಿಂತಿತು,
ಯಾವುದು, ಯಾರದು ಎಂದು
ಸೀಸ ಹೇಳುವುದಿಲ್ಲ.